ಎಡಗಡೆಯ ಲೇನಿನಲ್ಲಿ ಕಮಲವ್ವ

ಮೊದಲೇ ಹೇಳಿಬಿಡುತ್ತೇನೆ, ನನಗೆ ನಟನೆ ಬರುವುದಿಲ್ಲ. ಅಮೆರಿಕದ ಮಿಚಿಗನ್ನಿನ ನಮ್ಮ ಕನ್ನಡ ಕೂಟದ ರಾಜ್ಯೋತ್ಸವದ ನಾಟಕದಲ್ಲಿ ನನಗೆ ಸಿಕ್ಕ ಪಾತ್ರಕ್ಕೆ ನಟನೆ ಬೇಕಾಗಿಯೂ ಇರಲಿಲ್ಲ. ನಾನು ಆನೆಯ ಹಿಂಗಾಲು. ಎರಡೂ ನಾನೇ. ಮುಂಗಾಲು, ಸೊಂಡಿಲು, ಕಿವಿ, ಘೀಳಿಡುವುದು ಇವಿಷ್ಟೂ ನನ್ನ ಮಗಳು ಜಾನ್ವಿಯ ಪಾಲು. ಅವಳಿಗೆ ಒಂಬತ್ತು ವರ್ಷ, ನನಗೆ ನಲವತ್ತೆರಡು. ಹೀಗಾಗಿ ನಮ್ಮ ಆನೆ ಮುಂದೆ ತಗ್ಗು, ಹಿಂದೆ ದಿಬ್ಬ. ನಾನು ನಡು ಬಗ್ಗಿಸಿ, ಮೊಣಕಾಲು ಮಡಚಿ ನಡೆಯಬೇಕು. ನಗುವುದಿದ್ದರೆ ನಗಿ, ಆದರೆ ಈ ಪಾತ್ರಕ್ಕಾಗಿ ನಾನು ಪಟ್ಟ ಪಾಡನ್ನು ಪೂರ್ತಿ ಕೇಳಿದ ಮೇಲೆ ನಗಿ.

ಪಾತ್ರ ಹಂಚುವ ದಿನ ಜಾನ್ವಿ ಕೈ ಎತ್ತಿ, “ಐ ವಿಲ್ ಬಿ ದಿ ಎಲಿಫೆಂಟ್ ಓನ್ಲಿ ಇಫ್ ಅಪ್ಪ ಇಸ್ ದ ಬ್ಯಾಕ್” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಮುಖ ತೊಳೆಯಲು ನಿಂತಾಗ ಮಾತ್ರ ನಲ್ಲಿ ತಿರುಗಿಸುವುದನ್ನೇ ಮರೆತೆ. ಯಾಕೆಂದರೆ ಬೆಳಿಗ್ಗೆ ಆರೂಕಾಲಿಗೆ ನಾನು ಮನೆ ಬಿಡುವಾಗ ಅವಳು ಮಲಗಿರುತ್ತಾಳೆ. ಸಂಜೆ ನಾನು ಬರುವಷ್ಟರಲ್ಲಿ ಊಟ, ಹೋಮ್‌ವರ್ಕ್ ಎಲ್ಲ ಮುಗಿಸಿ ಹಲ್ಲುಜ್ಜುತ್ತಿರುತ್ತಾಳೆ. ಬಾಯಿ ತುಂಬ ನೊರೆ ಇಟ್ಟುಕೊಂಡು ಅವಳು ಏನೋ ಹೇಳುತ್ತಾಳೆ, ನಾನು ಅರ್ಥವಾದವನಂತೆ ತಲೆಯಾಡಿಸುತ್ತೇನೆ. ಇಂಥ ಅಪ್ಪನನ್ನು ಈ ಹುಡುಗಿ ಹತ್ತು ಜನರೆದುರು ಕೇಳಿ ಪಡೆದಿದ್ದಾಳೆ. ಆ ಹಿಂಗಾಲನ್ನು ನಾನು ಯಾರಿಗೂ ಬಿಟ್ಟುಕೊಡುವವನಲ್ಲ.

ಬಿಟ್ಟುಕೊಡುವ ಪ್ರಸಂಗ ಬಂದದ್ದು ಟ್ರಾಫಿಕ್ಕಿನಿಂದ. ನಮ್ಮ ಮನೆ ನೋವೈಯಲ್ಲಿ, ನನ್ನ ಆಫೀಸು ಆಬರ್ನ್ ಹಿಲ್ಸ್‌ನಲ್ಲಿ. ನಡುವೆ ಇಪ್ಪತ್ತೆಂಟು ಮೈಲು. ಭಾನುವಾರ ಅರ್ಧ ಗಂಟೆಯ ದಾರಿ. ವಾರದ ದಿನ ಸಂಜೆ ಎಷ್ಟು ಹೊತ್ತು ಎಂದು ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಕೇಳಬೇಡಿ. ಇನ್ನೊಂದು ತಮಾಷೆ ಎಂದರೆ, ನಾನು ಕೆಲಸ ಮಾಡುವ ಕಂಪನಿಯಲ್ಲಿ ನನ್ನ ಕೆಲಸವೇ ಟ್ರಾಫಿಕ್ ಜಾಮು. ಜಾಮಿನಲ್ಲಿ ಸಿಕ್ಕ ಕಾರು ತಾನಾಗಿಯೇ ತುಸು ತುಸು ಮುಂದೆ ಸರಿಯುವಂತೆ ಸಾಫ್ಟ್‌ವೇರ್ ಬರೆಯುತ್ತೇನೆ. ಜಾಮು ಕಡಿಮೆಯಾಗುವುದಿಲ್ಲ, ಕೂತವನ ಕಾಲು ನೋಯುವುದಿಲ್ಲ ಅಷ್ಟೇ. ಎಂಟು ವರ್ಷದ ಓದು, ಹದಿನಾಲ್ಕು ವರ್ಷದ ಅನುಭವ ಸೇರಿಸಿ ನಾನು ಜಗತ್ತಿಗೆ ಕೊಟ್ಟಿದ್ದು ಇದು.

ನಾಟಕದ ನಿರ್ದೇಶಕಿ ಸುಹಾಸಿನಿ. ಮೈಸೂರಿನವರು, ಆನ್ ಆರ್ಬರಿನ ಆಸ್ಪತ್ರೆಯಲ್ಲಿ ಡಾಕ್ಟರು. ಮಂಗಳವಾರ, ಗುರುವಾರ ಸಂಜೆ ಆರಕ್ಕೆ ಅವರ ಮನೆಯ ಬೇಸ್‌ಮೆಂಟಿನಲ್ಲಿ ರಿಹರ್ಸಲ್. ಮೊದಲ ದಿನ ನಾನು ಆರೂ ಮೂವತ್ತೈದಕ್ಕೆ ಹೋದೆ. ಎರಡನೆಯ ದಿನ ಆರೂ ನಲವತ್ತಕ್ಕೆ. ಅವರು ಕೂಗಾಡುವವರಲ್ಲ. ಮೆಲ್ಲಗೆ, ರಿಪೋರ್ಟು ಓದಿ ಹೇಳುವಂತೆ ಹೇಳಿದರು.

“ನೋಡಿ ರಾಜಶೇಖರ್, ಎಂಟಕ್ಕೆ ನಂಗೆ ಡ್ಯೂಟಿ ಇರತ್ತೆ. ಏಳೂಕಾಲಿಗೆ ನಾನು ಹೊರಡ್ಲೇಬೇಕು. ಮೊದಲನೇ ಸೀನಲ್ಲೇ ಆನೆ ಬರತ್ತೆ, ಹಿಂಗಾಲಿಲ್ಲದೆ ಹೇಗ್ರೀ ಬರತ್ತೆ? ಇನ್ನೊಂದು ಸಲ ರಿಹರ್ಸಲ್‌ಗೆ ಲೇಟ್ ಆದ್ರೆ ದ್ವಾರಕಾನಾಥ್ ಅವ್ರಿಗೆ ಕೊಟ್ಬಿಡ್ತೀನಿ. ಬೇಜಾರ್ ಮಾಡ್ಕೋಬೇಡಿ.”

ದ್ವಾರಕಾನಾಥರು ಅಲ್ಲೇ ಸೋಫಾದ ತುದಿಯಲ್ಲಿ ಕೂತು ವಿನಯದಿಂದ ನೆಲ ನೋಡಿದರು. ಅವರದು ವರ್ಕ್ ಫ್ರಮ್ ಹೋಮ್. ಮನೆ ಅದೇ ಬಡಾವಣೆಯಲ್ಲಿ, ಅಲ್ಲಿಂದ ಆರನೆಯದು. ಟ್ರಾಫಿಕ್ ಎಂದರೆ ಸ್ಕೂಲ್ ಬಸ್ಸು ನಿಂತಾಗ ಹಿಂದೆ ಕಾಯುವುದು ಎಂದುಕೊಂಡಿರುವ ಸುಖಜೀವಿ. ನನ್ನ ಹೆಂಡತಿ ನೀಲಾಂಬಿಕಾ ಆಮೇಲೆ ಹೇಳಿದ್ದು ಕೇಳಿ ನನ್ನ ಮೈ ಉರಿದುಹೋಯಿತು. ಆ ಮಹಾರಾಯ ಮನೆಯಲ್ಲಿ ಮೀಟಿಂಗಿನ ನಡುವೆ ಬಗ್ಗಿ ನಡೆದು ಪ್ರಾಕ್ಟೀಸು ಮಾಡುತ್ತಿದ್ದಾನಂತೆ!

ನನಗೆ ಉಳಿದಿದ್ದ ಒಂದೇ ದಾರಿ ಸೆವೆಂಟಿ ಫೈವ್ ಹೆದ್ದಾರಿಯ ಎಡಗಡೆಯ ಲೇನು. ಬೆಳಿಗ್ಗೆ, ಸಂಜೆ ಜನಸಂದಣಿಯ ಹೊತ್ತಿನಲ್ಲಿ ಆ ಲೇನಿನಲ್ಲಿ ಹೋಗಬೇಕಾದರೆ ಕಾರಿನಲ್ಲಿ ಕನಿಷ್ಠ ಇಬ್ಬರಿರಬೇಕು. ಒಬ್ಬನೇ ಕೂತವನು ಬಲಗಡೆ ತೆವಳುತ್ತ, ಎಡಗಡೆ ಸುಯ್ಯೆಂದು ಹೋಗುವವರನ್ನು ನೋಡಿ ಹೊಟ್ಟೆ ಉರಿದುಕೊಳ್ಳಬೇಕು. ಆಫೀಸಿನಲ್ಲಿ ನೋವೈ ಕಡೆಯವರು ಯಾರೂ ಇಲ್ಲ. ಎರಡನೆಯ ಮನುಷ್ಯನನ್ನು ಎಲ್ಲಿಂದ ತರಲಿ ಎಂದು ರಾತ್ರಿ ಊಟಕ್ಕೆ ಕೂತು ಯೋಚಿಸುತ್ತಿದ್ದಾಗ, ಅಡುಗೆಮನೆಯಲ್ಲಿ ಬಳೆಯ ಸದ್ದಾಯಿತು. ನನ್ನ ಅತ್ತೆ ಕಮಲವ್ವ. ಬೈಲಹೊಂಗಲದ ಕಡೆಯಿಂದ ಆರು ತಿಂಗಳ ಮಟ್ಟಿಗೆ ಮಗಳ ಮನೆಗೆ ಬಂದವರು.

“ನಿಮ್ಮವ್ವನ್ನ ಆಫೀಸಿಗೆ ಕರ್ಕೊಂಡು ಹೋಗ್ಲೇನು?” ಎಂದು ನೀಲಾಳನ್ನು ಕೇಳಿದೆ. ವಿಷಯ ವಿವರಿಸಿದೆ.

“ನಮ್ಮವ್ವ ಅಂದ್ರ ಏನ್ ಸ್ಟೆಪ್ನಿ ಅಂತ ತಿಳ್ಕೊಂಡೀರೇನ್ರಿ, ಡಿಕ್ಕ್ಯಾಗ ಹಾಕ್ಕೊಂಡು ಹೋಗಾಕ?”

“ಡಿಕ್ಕ್ಯಾಗ ಅಲ್ಲ ಮಾರಾಯ್ತಿ, ಸೀಟಿನ ಮ್ಯಾಲ. ಡಿಕ್ಕ್ಯಾಗ ಹಾಕಿದ್ರ ಲೆಕ್ಕಕ್ಕ ಹಿಡಿಯಂಗಿಲ್ಲ.”

ನೀಲಾ ಸೌಟು ಎತ್ತುವಷ್ಟರಲ್ಲಿ ಒಳಗಿನಿಂದ ಧ್ವನಿ ಬಂತು. “ನಾ ಬರ್ತೇನಿ ಅಂತ ಹೇಳ ಅವರಿಗೆ. ಮನ್ಯಾಗ ಕುಂತು ಕುಂತು ಮಣಕಾಲು ಹಿಡಕೊಂಡಾವ.”

‘ಹೇಳ ಅವರಿಗೆ’ ಎಂದರಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಮಲವ್ವ ಹಳೇ ಶಿಸ್ತಿನವರು. ಅಳಿಯನ ಎದುರು ತಲೆಯ ಮೇಲಿನ ಸೆರಗು ಜಾರಬಾರದು, ಅಳಿಯನ ಹೆಸರು ಹಿಡಿಯಬಾರದು, ಅಳಿಯನೊಡನೆ ನೇರ ಮಾತಾಡಬಾರದು. ಇದು ಜಗಳವಲ್ಲ, ಮರ್ಯಾದೆ. ಮದುವೆಯಾಗಿ ಹನ್ನೆರಡು ವರ್ಷವಾಯಿತು, ನನ್ನೊಡನೆ ನೇರವಾಗಿ ಅವರು ಒಂದಕ್ಷರ ಆಡಿಲ್ಲ. ನಾನು ಎದುರಿಗೇ ತಟ್ಟೆ ಹಿಡಿದು ಕೂತಿದ್ದರೂ, “ಇನ್ನೊಂದು ರೊಟ್ಟಿ ಬೇಕೇನು ಕೇಳ” ಎಂದು ಮಗಳಿಗೆ ಹೇಳುತ್ತಾರೆ. ಮಗಳಿಲ್ಲದಿದ್ದರೆ ಜಾನ್ವಿಗೆ. ಜಾನ್ವಿಯೂ ಇಲ್ಲದಿದ್ದರೆ ಫ್ರಿಜ್ಜಿಗೆ. ನಾನೂ ಕಲಿತುಬಿಟ್ಟಿದ್ದೇನೆ, ಫ್ರಿಜ್ಜಿಗೇ ‘ಸಾಕು’ ಎನ್ನುತ್ತೇನೆ.

ಮುಂದಿನ ಮಂಗಳವಾರ ಬೆಳಿಗ್ಗೆ ಐದಕ್ಕೇ ಕಮಲವ್ವ ಇಳಕಲ್ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು, ಊರಿನಿಂದ ತಂದ ಕೌದಿ ಹೊದ್ದುಕೊಂಡು ಗರಾಜಿನಲ್ಲಿ ನಿಂತಿದ್ದರು. ಹೊರಗೆ ನಲವತ್ತು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಾಲ್ಕೈದು ಸೆಲ್ಸಿಯಸ್ ಇತ್ತು, ನಮ್ಮ ಲೆಕ್ಕದಲ್ಲಿ ಅದು ಚಳಿಯೇ ಅಲ್ಲ, ಅವರ ಲೆಕ್ಕದಲ್ಲಿ ಪ್ರಳಯ. ನಾನು ಮುಂದಿನ ಬಾಗಿಲು ತೆಗೆದೆ. ಅವರು ನೀಲಾಳ ಕಡೆ ತಿರುಗಿದರು.

“ಅಳಿಯಂದ್ರ ಬಾಜೂಕ ಕುಂದ್ರೂದೇನ? ಯಾರರ ನೋಡಿದ್ರ ಏನಂದಾರು?”

ಮಿಚಿಗನ್ನಿನಲ್ಲಿ ಬೈಲಹೊಂಗಲದವರು ಯಾರು ನೋಡುತ್ತಾರೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವರು ಹಿಂದಿನ ಸೀಟಿನಲ್ಲಿ, ಸರಿಯಾಗಿ ನನ್ನ ಬೆನ್ನ ಹಿಂದೆ, ಕನ್ನಡಿಯಲ್ಲೂ ಕಾಣದಂತೆ ಕೂತರು. ನಮ್ಮ ಕಾರಿನ ಹಿಂದಿನ ಗಾಜು ಕಪ್ಪು, ಅವರ ಎತ್ತರ ನಾಲ್ಕು ಅಡಿ ಹತ್ತು ಇಂಚು. ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹತ್ತು ಮೈಲು ಇಬ್ಬರೂ ಮೌನ. ಕಾರಿನಲ್ಲಿ ಮಗಳಿಲ್ಲ, ಮೊಮ್ಮಗಳಿಲ್ಲ, ಫ್ರಿಜ್ಜೂ ಇಲ್ಲ. ಆಗ ಫೋನಿನ ಮ್ಯಾಪಿನೊಳಗಿನ ಹೆಂಗಸು ಬಾಯಿ ಬಿಟ್ಟಳು. “ಇನ್ ಟೂ ಮೈಲ್ಸ್, ಕೀಪ್ ಲೆಫ್ಟ್.”

ಹಿಂದಿನಿಂದ ಕೌದಿ ಸರಿದ ಸದ್ದಾಯಿತು. “ಯಾರವಾ ಆಕಿ? ತಂಗೀ, ಅವರಿಗೆ ಸ್ವಲ್ಪ ಹೇಳವಾ, ಇಷ್ಟ್ ಜೋರ ಯಾಕ ಹೊಂಟಾರ?”

ನನಗೆ ನಗು ತಡೆಯಲಾಗಲಿಲ್ಲ. ಆದರೆ ಕೊಂಡಿ ಸಿಕ್ಕಿತಲ್ಲ! “ತಂಗೀ, ಅತ್ತಿಯವರಿಗೆ ಹೇಳವಾ, ಇದು ಜೋರಲ್ಲ. ಇಲ್ಲೆ ಎಲ್ಲಾರೂ ಎಪ್ಪತ್ತರಾಗ ಹೋಗ್ತಾರ.”

“ಎಲ್ಲಾರೂ ಬಾವ್ಯಾಗ ಬಿದ್ರ ತಾವೂ ಬೀಳ್ತಾರಂತೇನ ಕೇಳ.”

“ಕಂಟಿನ್ಯೂ ಸ್ಟ್ರೇಟ್,” ಎಂದಳು ಮ್ಯಾಪಿನ ಹೆಂಗಸು.

“ಹೂಂ, ಆಕಿಗೆ ಗೊತ್ತೈತಿ,” ಎಂದರು ಕಮಲವ್ವ.

ಹೀಗೆ ಶುರುವಾಯಿತು. ನಂಬುತ್ತೀರೋ ಇಲ್ಲವೋ, ಹನ್ನೆರಡು ವರ್ಷದಲ್ಲಿ ಆಡದಷ್ಟು ಮಾತನ್ನು ನಾವು ಆ ಎರಡು ವಾರದಲ್ಲಿ ಆಡಿದೆವು, ಎಲ್ಲವೂ ಆ ಬಡಪಾಯಿಯ ಮೂಲಕ. ನನ್ನ ಮಾವ ಎಮ್ಮೆ ಕೊಳ್ಳಲು ಹೋಗಿ ರೇಡಿಯೋ ತಂದದ್ದು, ನೀಲಾ ಚಿಕ್ಕವಳಿದ್ದಾಗ ಬಸ್ಸಿನ ಕಂಡಕ್ಟರ್ ಆಗುತ್ತೇನೆಂದು ಮೂರು ದಿನ ಊಟ ಬಿಟ್ಟದ್ದು, ನನ್ನನ್ನು ನೋಡಲು ಬಂದ ದಿನ ‘ವರ ಸ್ವಲ್ಪ ಪೆದ್ದ ಕಾಣಸ್ತಾನ, ಆದ್ರ ಒಳ್ಳ್ಯಾವ’ ಎಂದು ಅವರು ತೀರ್ಪು ಕೊಟ್ಟದ್ದು, ಎಲ್ಲ ಹೊರಬಂತು. ಮ್ಯಾಪಿನವಳು ನಡುನಡುವೆ “ಮೇಕ್ ಎ ಯು-ಟರ್ನ್” ಎಂದರೆ, “ಇರು ತಂಗೀ, ಮಾತ ಮುಗಸ್ತೇನಿ” ಎಂದು ಕಮಲವ್ವ ಗದರುತ್ತಿದ್ದರು.

ಹಗಲಿಡೀ ಅವರು ನನ್ನ ಆಫೀಸಿನ ಹತ್ತಿರದ ಲೈಬ್ರರಿಯಲ್ಲಿ ಇರುತ್ತಿದ್ದರು. ಅಲ್ಲಿ ಉಣ್ಣೆ ಹೆಣೆಯುವ ಅಜ್ಜಿಯರ ಗುಂಪೊಂದಿದೆ. ಕಮಲವ್ವ ಅವರ ನಡುವೆ ಕೂತು ಹತ್ತಿ ಬಿಡಿಸಿ ಹೂಬತ್ತಿ ಹೊಸೆದರು. ಎರಡನೆಯ ವಾರ ನಾನು ಕರೆಯಲು ಹೋದಾಗ ಐದು ಬಿಳಿಯ ಅಜ್ಜಿಯರು ನಾಲಿಗೆ ಹೊರಚಾಚಿ ಶ್ರದ್ಧೆಯಿಂದ ಬತ್ತಿ ಹೊಸೆಯುತ್ತಿದ್ದರು. ಯಾವ ದೀಪಕ್ಕೆ ಎಂದು ಒಬ್ಬರೂ ಕೇಳಿದಂತಿರಲಿಲ್ಲ.

ಮುಖ್ಯ ಸಂಗತಿ ಎಂದರೆ ನಾನು ಹೊತ್ತಿಗೆ ಸರಿಯಾಗಿ ಹೋಗತೊಡಗಿದೆ. ಐದೂ ಐವತ್ತೆರಡು, ಐದೂ ಐವತ್ತೈದು, ಮತ್ತೆ ಐದೂ ಐವತ್ತು. ಸುಹಾಸಿನಿ ಗಡಿಯಾರವನ್ನು ಎರಡು ಸಲ ನೋಡಿದರು. ದ್ವಾರಕಾನಾಥರ ಮುಖ ಸಣ್ಣದಾಯಿತು. ಜಾನ್ವಿ ಆನೆಯೊಳಗಿನಿಂದ ನನ್ನ ಕೈ ಹುಡುಕಿ ತನ್ನ ಸೊಂಟದ ಮೇಲಿಟ್ಟುಕೊಂಡು, “ಲೆಫ್ಟ್, ರೈಟ್, ಲೆಫ್ಟ್. ಅಪ್ಪಾ, ನಾಟ್ ದಟ್ ಲೆಫ್ಟ್!” ಎಂದು ಕಲಿಸಿದಳು. ನಾನು ಆ ವಾರದಷ್ಟು ಖುಷಿಯಾಗಿ ಎಂದೂ ಬೆನ್ನು ನೋಯಿಸಿಕೊಂಡಿಲ್ಲ.

ಆಮೇಲೆ ಕೊನೆಯ ಗುರುವಾರ ಬಂತು. ಶನಿವಾರ ನಾಟಕ. ಅಂದು ವೇಷ ಹಾಕಿ ಪೂರ್ತಿ ರಿಹರ್ಸಲ್.

ಐದಕ್ಕೆ ಕಮಲವ್ವನನ್ನು ಹತ್ತಿಸಿಕೊಂಡು ಎಡಗಡೆಯ ಲೇನು ಹಿಡಿದೆ. ಐದೂ ಹತ್ತಕ್ಕೆ ಹಿಂದೆ ಕೆಂಪು ನೀಲಿ ದೀಪ ಮಿನುಗಿತು. ಕಾರು ಪಕ್ಕಕ್ಕೆ ನಿಲ್ಲಿಸಿದೆ.

“ಶಿವನೇ, ಪೊಲೀಸ!” ಎಂದರು ಕಮಲವ್ವ. ಅಪರಿಚಿತ ಗಂಡಸು, ಅದರ ಮೇಲೆ ಪೊಲೀಸು. ಕೌದಿಯನ್ನು ತಲೆಯ ಮೇಲಿನಿಂದ ಪೂರ್ತಿ ಎಳೆದುಕೊಂಡು ಕೂತುಬಿಟ್ಟರು.

ಪೊಲೀಸಿನವನು ತಾಳ್ಮೆಯ ಮನುಷ್ಯ, ಸುಳ್ಳು ಹೇಳಬಾರದು. ಕಾರಿನಲ್ಲಿ ಎಷ್ಟು ಜನ ಎಂದು ಕೇಳಿದ. ಇಬ್ಬರು ಎಂದೆ. ಎರಡನೆಯವರು ಎಲ್ಲಿ ಎಂದ. ಹಿಂದೆ ತೋರಿಸಿದೆ. ಅವನು ಗಾಜಿಗೆ ಮೂಗು ಹಚ್ಚಿ ನೋಡಿದ. ಕೆಂಪು, ಹಸಿರು, ಹಳದಿ ಚೌಕಗಳ ಒಂದು ಹಾಸಿಗೆ ಗಂಟು, ಅದಕ್ಕೆ ಅಡ್ಡಲಾಗಿ ಸೀಟ್ ಬೆಲ್ಟು.

“ದಟ್ ಇಸ್ ಮೈ ಮದರ್-ಇನ್-ಲಾ,” ಎಂದೆ.

ಅವನು ಇನ್ನೊಮ್ಮೆ ಗಾಜಿನೊಳಗೆ ಇಣುಕಿದ. ಕಳೆದ ವಾರ ಒಬ್ಬ ಹ್ಯಾಲೋವೀನಿನ ಅಸ್ಥಿಪಂಜರಕ್ಕೆ ಟೋಪಿ ಹಾಕಿ ಕೂರಿಸಿಕೊಂಡು ಇದೇ ಲೇನಿನಲ್ಲಿ ಬಂದಿದ್ದನಂತೆ. ಅವನಾದರೂ ಅದಕ್ಕೆ ಮುಖ ಇಟ್ಟಿದ್ದ, ಸರ್, ಎಂದ.

ಅತ್ತೆ ಒಮ್ಮೆ ಅಲುಗಾಡಿದರೆ ಸಾಕಿತ್ತು. ಅಭ್ಯಾಸಬಲ ನೋಡಿ, ನಾನು ತಿರುಗಿದ್ದು ಫೋನಿನ ಕಡೆಗೆ. “ತಂಗೀ, ಅತ್ತಿಯವರಿಗೆ ಒಂಚೂರು ಅಲ್ಲಾಡಾಕ ಹೇಳವಾ!”

ಕೌದಿಯೊಳಗಿನಿಂದ ಉತ್ತರ ಬಂತು. “ತಂಗೀ, ಅಂವಾ ಹೋದನೇನು ಕೇಳ.”

ಪೊಲೀಸಿನವನು ನನ್ನ ಫೋನು ನೋಡಿದ, ಕೌದಿ ನೋಡಿದ, ನನ್ನ ಕೊರಳಲ್ಲಿ ನೇತಾಡುತ್ತಿದ್ದ ಆಫೀಸಿನ ಬ್ಯಾಡ್ಜು ನೋಡಿದ. ತಾನೇ ಓಡುವ ಕಾರು ಗೀರು ಮಾಡುವವರಲ್ಲಿ ನೀನೂ ಒಬ್ಬನೋ ಎಂದು ಕೇಳಿದ. ಒಂದು ರೀತಿಯಲ್ಲಿ ಹೌದು ಎಂದೆ. ಪ್ರಾಮಾಣಿಕತೆಗೂ ಒಂದು ಹೊತ್ತು ಗೊತ್ತು ಇರಬೇಕು, ನನಗಿಲ್ಲ. ಅವನಿಗೆ ಎಲ್ಲ ಅರ್ಥವಾದಂತಾಯಿತು. “ಸರ್, ಆ ರೆಕಾರ್ಡಿಂಗ್ ಆಫ್ ಮಾಡಿ,” ಎಂದ.

ಫೋನು ಆಫ್ ಮಾಡಿದೆ. ಅಷ್ಟೇ, ಕೌದಿಯೂ ಮೌನವಾಯಿತು. ನಡುವೆ ತಂಗಿಯೇ ಇಲ್ಲವೆಂದ ಮೇಲೆ ಕಮಲವ್ವ ಯಾರ ಜೊತೆ ಮಾತಾಡಬೇಕು? ಫೋನು ಆರಿದೊಡನೆ ಅತ್ತೆಯೂ ಆರಿದ್ದನ್ನು ಕಂಡು ಪೊಲೀಸಿನವನು ಸಂತೋಷದಿಂದ ದಂಡದ ಪುಸ್ತಕ ತೆಗೆದ.

“ಶಿ ಇಸ್ ರಿಯಲ್!” ಎಂದು ಕೂಗಿದೆ. ತೋರಿಸು ಎಂದ. ನಾನು ಇಳಿದು, ಹಿಂದಿನ ಬಾಗಿಲು ತೆಗೆದು, ಜೀವನದಲ್ಲಿ ಮೊದಲ ಸಲ ಅತ್ತೆಯ ಕೌದಿಯ ಅಂಚಿಗೆ ಕೈ ಹಾಕಿದೆ.

“ಕೈ ತಗೀಲೇ!” ಪೊಲೀಸಿನವನ ಕೈಯೆಂದೇ ಎಣಿಸಿರಬೇಕು.

ಕೈ ಮೇಲೆ ಫಟ್ಟನೆ ಏಟು ಬಿತ್ತು. ಕೌದಿ ಹಾರಿತು. ಪೊಲೀಸಿನವನು ಎರಡು ಹೆಜ್ಜೆ ಹಿಂದೆ ಜಿಗಿದ. ಕಮಲವ್ವ ಸೆರಗು ಸರಿಮಾಡಿಕೊಂಡು, ಮೂಗುತಿ ಹೊಳೆಯಿಸುತ್ತ, ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅವನು ಟೋಪಿ ತೆಗೆದು ಕ್ಷಮೆ ಕೇಳಿದ. ಈ ಮನುಷ್ಯ ನಿಮಗೆ ಗೊತ್ತೇ, ನೀವು ಕ್ಷೇಮವೇ ಎಂದೂ ಕೇಳಿದ. ಅವರಿಗೆ ಒಂದೂ ತಿಳಿಯಲಿಲ್ಲ. ಹುಡುಗ ಹೆದರಿಕೊಂಡಿದ್ದಾನೆ ಎಂಬುದಷ್ಟು ಕಂಡಿತು. ಬುತ್ತಿಯ ಗಂಟು ಬಿಚ್ಚಿ ಶೇಂಗಾ ಉಂಡಿ ಹಿಡಿದರು. ಡ್ಯೂಟಿಯಲ್ಲಿ ಏನೂ ತೆಗೆದುಕೊಳ್ಳುವಂತಿಲ್ಲ ಎಂದು ಅವನು, ನಾಚ್ಕೋಬ್ಯಾಡ ತಗೋ ತಮ್ಮಾ ಎಂದು ಇವರು, ಇದರಲ್ಲೇ ನಾಲ್ಕು ನಿಮಿಷ ಹೋಯಿತು. ಕೊನೆಗೆ ಅವನು ಉಂಡಿ ಒಲ್ಲದೆ, ದಂಡ ಹಾಕದೆ, ಕೈ ಬೀಸಿ ಕಳಿಸಿಕೊಟ್ಟ. ಫೋನು ಮತ್ತೆ ಆನ್ ಮಾಡಿದೆ, ಗಡಿಯಾರ ಐದೂ ಮೂವತ್ತೊಂದು ತೋರಿಸುತ್ತಿತ್ತು.

ಆಮೇಲೆ ಹಿಡಿಯಬೇಕಾದ ಸಿಕ್ಸ್ ನೈಂಟಿ ಸಿಕ್ಸ್ ಹೆದ್ದಾರಿಯಲ್ಲಿ ಆ ಲೇನಿಲ್ಲ. ಅಲ್ಲಿ ಅತ್ತೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆರ್ಚರ್ಡ್ ಲೇಕ್ ರೋಡಿನ ಎಕ್ಸಿಟ್ಟಿಗೆ ಇನ್ನೂ ಮುಕ್ಕಾಲು ಮೈಲು ಇರುವಾಗ ಎಲ್ಲ ನಿಂತುಹೋಯಿತು. ಮುಂದೆಲ್ಲೋ ಅಪಘಾತ. ಮ್ಯಾಪು ಆರೂ ಮೂವತ್ತೇಳು ಎಂದು ತೋರಿಸಿತು. ನಾನು ಸ್ಟಿಯರಿಂಗಿಗೆ ಗುದ್ದಿದೆ. ಕಂಪನಿಯವರು ಪ್ರಯೋಗಕ್ಕೆಂದು ಹಾಕಿಸಿದ ನನ್ನದೇ ಸಾಫ್ಟ್‌ವೇರು ಕಾರನ್ನು ನಯವಾಗಿ ಎರಡು ಇಂಚು ಮುಂದೆ ಸರಿಸಿತು. ಆ ಕ್ಷಣ ಅದನ್ನು ಬರೆದವನು ಕೈಗೆ ಸಿಕ್ಕಿದ್ದರೆ ಅವನ ಕಥೆ ಮುಗಿದಿತ್ತು.

ಫೋನು ಬಂತು. ಜಾನ್ವಿ, ಐಪ್ಯಾಡಿನಿಂದ.

“ಅಪ್ಪಾ, ವೇರ್ ಆರ್ ಯು? ನೆವರ್ ಮೈಂಡ್, ಐ ಕ್ಯಾನ್ ಸೀ ಯು ಆನ್ ದ ಮ್ಯಾಪ್. ಯು ಆರ್ ನಾಟ್ ಮೂವಿಂಗ್.”

“ಹೌದವಾ. ರಸ್ತಾ ಬಂದ್ ಆಗೇತಿ.”

“ಬಟ್ ಇಟ್ಸ್ ಫೈವ್ ಫಿಫ್ಟಿ.”

“ಗೊತ್ತೈತಿ ಪುಟ್ಟಾ. ದ್ವಾರಕಾನಾಥ ಅಂಕಲ್ ಅದಾರಲ್ಲ, ಅವರು ಛಲೋ ಮಾಡ್ತಾರ.”

“ಹೀ ಕೌಂಟ್ಸ್ ಔಟ್ ಲೌಡ್,” ಎಂದಳು. ಫೋನು ಕಟ್ಟಾಯಿತು.

ನನಗೆ ಅಳು ಬಂತು. ಮುಚ್ಚಿಡುವುದೇನು, ಆನೆಯ ಹಿಂಗಾಲಿಗಾಗಿ ಹೆದ್ದಾರಿಯ ನಡುವೆ ಕೂತು ಅತ್ತುಬಿಟ್ಟೆ. ಈ ಹನ್ನೊಂದು ವರ್ಷ ಇದೇ ರಸ್ತೆಯಲ್ಲಿ ಕೂತದ್ದರ ಬಗ್ಗೆ ಎಂದೂ ಅಳದವನು, ಆ ಮಗು ಹಟ ಮಾಡದೆ ಫೋನಿಟ್ಟಿತಲ್ಲ, ಅದಕ್ಕೆ ಕಣ್ಣೀರು ಹಾಕಿದೆ. ಅವಳಿಗೆ ರೂಢಿಯಾಗಿಬಿಟ್ಟಿದೆ ಅನ್ನಿಸಿತು.

ಅದೇ ಹೊತ್ತಿಗೆ ಮ್ಯಾಪಿನ ಹೆಂಗಸು ಹೊಸ ದಾರಿ ಹೇಳಿದಳು. ಮುಂದಿನ ಎಕ್ಸಿಟ್ಟಿನಲ್ಲಿ ಇಳಿದರೆ ಹನ್ನೊಂದು ನಿಮಿಷ ಉಳಿಯುತ್ತದಂತೆ. ಕಣ್ಣೊರೆಸಿಕೊಂಡು ಬಲಗಡೆಯ ಇಂಡಿಕೇಟರ್ ಹಾಕಿದೆ. ನನ್ನ ಮುಂದಿನವನೂ ಹಾಕಿದ. ಅವನ ಮುಂದಿನವನೂ. ಸಾಲಿಗೆ ಸಾಲೇ ಟಿಕಟಿಕ ಎಂದು ಬಲಗಡೆಗೆ ಕಣ್ಣು ಹೊಡೆಯತೊಡಗಿತು.

ಹಿಂದಿನ ಸೀಟು ಕಿರುಗುಟ್ಟಿತು. ಕಮಲವ್ವ ಎರಡು ಸೀಟುಗಳ ನಡುವೆ ತಲೆ ತೂರಿಸಿ, ಫೋನಿನ ಕಡೆಗಲ್ಲ, ನನ್ನ ಕಡೆಗೆ ತಿರುಗಿದರು.

“ಹೋಗಬ್ಯಾಡ್ರಿ.”

ನಾನು ಬೆಚ್ಚಿ ನೋಡಿದೆ. ಸೆರಗು ಹಿಂದಕ್ಕೆ ಜಾರಿತ್ತು, ಅದರ ಕಡೆ ಅವರಿಗೆ ಗಮನವಿರಲಿಲ್ಲ.

“ಆಕಿ ಈ ಮಾತ ನಿಮಗೊಬ್ಬರಿಗೆ ಹೇಳ್ಯಾಳೇನು? ಎಲ್ಲಾರ ಕಿವ್ಯಾಗೂ ಊದ್ಯಾಳ. ಅಲ್ಲಿ ನೋಡ್ರಿ, ಊರಿಗೆ ಊರ ಅತ್ಲಾಗ ಹೊಂಟೈತಿ. ಅವರೆಲ್ಲಾ ಅಲ್ಲಿ ಹೋಗಿ ಸಿಕ್ಕೊಳ್ಳಲಿ. ನೀವು ಇಲ್ಲೇ ಇರ್ರಿ.”

“ಅತ್ತಿಯವರ, ಆಕಿ ಲೆಕ್ಕಾ ಹಾಕಿ ಹೇಳ್ತಾಳ. ಉಪಗ್ರಹದಿಂದ—”

“ಏನರ ಇರವಲ್ದು. ನಲವತ್ತು ವರ್ಷ ಬಾಯಿಬಡಕ ಹೆಣಮಕ್ಕಳ ಓಣ್ಯಾಗ ಬಾಳೇ ಮಾಡೇನಿ ನಾ. ನನಗ ಗೊತ್ತೈತಿ. ಕಣ್ಣ ಒರಸ್ಕೋರಿ ಮೊದಲ.”

ಒಂದು ಕಡೆ ಜಗತ್ತಿನ ಬುದ್ಧಿವಂತರೆಲ್ಲ ಸೇರಿ ಮಾಡಿದ ಮ್ಯಾಪು, ಇನ್ನೊಂದು ಕಡೆ ಅತ್ತೆ. ನಾನು ಇಂಡಿಕೇಟರ್ ಆರಿಸಿದೆ. “ಟೇಕ್ ದಿ ಎಕ್ಸಿಟ್” ಎಂದು ಅವಳು ಮೂರು ಸಲ ಬಡಕೊಂಡಳು. “ಸಾಕ ಬಿಡವಾ,” ಎಂದರು ಕಮಲವ್ವ, ಬೆರಳು ಚಾಚಿ ಫೋನನ್ನು ಮಗುಚಿ ಹಾಕಿದರು. ನಮ್ಮ ಮುಂದಿನ ಕಾರುಗಳು ಒಂದೊಂದೇ ಇಳಿದುಹೋದವು. ಕೆಳಗೆ ಟ್ವೆಲ್ವ್ ಮೈಲ್ ರೋಡಿನವರೆಗೆ ಕೆಂಪು ದೀಪಗಳು ಇರುವೆ ಸಾಲಿನಂತೆ ಕಂಡವು. ಇಲ್ಲಿ ಮೇಲೆ ಜಾಗ ತೆರವಾಯಿತು. ನಾನು ಹತ್ತು ಮೈಲು ವೇಗದಲ್ಲಿ ಹೊರಟೆ, ಆಮೇಲೆ ಇಪ್ಪತ್ತು. ಅಪಘಾತದ ಜಾಗ ದಾಟಿದ ಮೇಲೆ ಅರವತ್ತು.

“ಜೋರ ಹೊಡೀರಿ,” ಎಂದರು ಕಮಲವ್ವ.

ಸುಹಾಸಿನಿಯವರ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಆರೂ ಇಪ್ಪತ್ತೊಂದು. ಮ್ಯಾಪಿಗಿಂತ ಹದಿನಾರು ನಿಮಿಷ ಮುಂಚೆ, ಸುಹಾಸಿನಿಯವರಿಗಿಂತ ಇಪ್ಪತ್ತೊಂದು ನಿಮಿಷ ತಡ. ಬೇಸ್‌ಮೆಂಟಿನ ಮೆಟ್ಟಿಲಿಳಿಯುವಾಗ, ಕಡೇ ಪಕ್ಷ ನೋಡಿ ಚಪ್ಪಾಳೆ ತಟ್ಟೋಣ ಎಂದು ಮನಸ್ಸು ಗಟ್ಟಿಮಾಡಿಕೊಂಡೆ.

ಕೆಳಗೆ ನಾಟಕ ನಡೆಯುತ್ತಿರಲಿಲ್ಲ. ರಾಜ, ಮಂತ್ರಿ, ಸೈನಿಕರೆಲ್ಲ ಬಚ್ಚಲುಮನೆಯ ಬಾಗಿಲ ಮುಂದೆ ಗುಂಪುಗೂಡಿದ್ದರು. ದ್ವಾರಕಾನಾಥರು ಆನೆಯ ಬೂದು ಪಾಯಜಾಮ ತೊಟ್ಟು, ಬಾಲವನ್ನು ಕೈಯಲ್ಲಿ ಹಿಡಿದು ಪೆಚ್ಚಾಗಿ ನಿಂತಿದ್ದರು. ನೀಲಾ ಬಾಗಿಲು ಬಡಿಯುತ್ತಿದ್ದಳು. ಸುಹಾಸಿನಿ ಬಗ್ಗಿ ಬೀಗದ ತೂತಿನ ಹತ್ತಿರ ಬಾಯಿಟ್ಟು ವಿಚಾರಿಸುತ್ತಿದ್ದರು.

“ಜಾನ್ವಿ ಪುಟ್ಟ, ಹೊಟ್ಟೆ ನೋವು ಬಲಗಡೆನಾ, ಎಡಗಡೆನಾ?”

“ಬೋತ್,” ಎಂದು ಒಳಗಿನಿಂದ ಗುಂಯ್ಯೆನ್ನುವ ಧ್ವನಿ ಬಂತು.

“ವಾಂತಿ ಬರೋ ಹಾಗಿದ್ಯಾ?”

“ಮೇಬಿ.”

“ಜ್ವರ ಇದ್ಯಾ, ಹಣೆ ಮುಟ್ಟಿ ನೋಡ್ಕೋ.”

“ಐ ಕಾಂಟ್. ಐ ಆಮ್ ವೇರಿಂಗ್ ದ ಹೆಡ್.”

ನಾನು ಕೊನೆಯ ಮೆಟ್ಟಿಲ ಮೇಲೆ ಕಾಲಿಟ್ಟೆ, ಚಿಲಕ ಸರಿದ ಸದ್ದಾಯಿತು. ಬಾಗಿಲು ತೆರೆದು ದೊಡ್ಡ ಬೂದು ಆನೆತಲೆಯೊಂದು ಹೊರಬಂತು. ಸೊಂಡಿಲು ನೆಲಕ್ಕೆ ತಾಗುತ್ತಿತ್ತು. ಕಂಕುಳಲ್ಲಿ ಐಪ್ಯಾಡು.

“ಐ ಆಮ್ ಓಕೆ ನೌ,” ಎಂದಿತು ಆನೆ. “ಅಪ್ಪ ಬಂದ್ರು.”

ಸುಹಾಸಿನಿ ಐಪ್ಯಾಡಿನ ಮ್ಯಾಪು ನೋಡಿದರು, ಅದರಲ್ಲಿ ತಮ್ಮ ಮನೆಯ ಮೇಲೆಯೇ ಕೂತಿದ್ದ ನನ್ನ ಪುಟ್ಟ ಫೋಟೋ ನೋಡಿದರು, ನನ್ನನ್ನು ನೋಡಿದರು. ಗಡಿಯಾರ ನೋಡಿದರು. ಬಾಯಿ ತೆರೆದರು. ಅಷ್ಟರಲ್ಲಿ ದ್ವಾರಕಾನಾಥರು “ಅಮ್ಮಾ!” ಎಂದು ನರಳಿ ಸೊಂಟ ಹಿಡಿದುಕೊಂಡರು.

“ನಂದು ಬೆನ್ನು ಹಿಡ್ಕೊಂಡ್ಬಿಡ್ತು ಮೇಡಮ್. ಬಗ್ಗಕ್ಕೇ ಆಗ್ತಿಲ್ಲ. ಇನ್ಯಾರಾದ್ರೂ ಇದ್ರೆ ನೋಡ್ಕೊಳ್ಳಿ.” ಹೀಗೆಂದು ಎಡಗಾಲು ಕುಂಟುತ್ತ ಸೋಫಾದವರೆಗೆ ಹೋದರು, ಪಾಯಜಾಮ ಕಳಚಿ ಬಲಗಾಲು ಕುಂಟುತ್ತ ವಾಪಸು ಬಂದು ನನ್ನ ಕೈಗಿತ್ತರು. ಆ ಮನುಷ್ಯನನ್ನು ಇಷ್ಟು ದಿನ ಬೈದುಕೊಂಡದ್ದಕ್ಕೆ ನನಗೆ ನಾಚಿಕೆಯಾಯಿತು.

ಸುಹಾಸಿನಿ ನಿಟ್ಟುಸಿರು ಬಿಟ್ಟರು. “ರಿಹರ್ಸಲ್ ಇನ್ನೂ ಶುರುನೇ ಆಗಿಲ್ವಲ್ಲ. ಶುರುವಾಗೋ ಮುಂಚೆ ಬಂದೋರನ್ನ ಲೇಟ್ ಅನ್ನೋಕಾಗಲ್ಲ. ನಡೀರಿ ಎಲ್ಲಾರೂ, ಏಳೂಕಾಲಿಗೆ ನಾನು ಹೊರಡ್ಬೇಕು!”

ನಾನು ಪಾಯಜಾಮ ಹಿಡಿದುಕೊಂಡು ನಿಂತೇ ಇದ್ದೆ. ಕಮಲವ್ವ ಹಿಂದಿನಿಂದ ಬೆನ್ನಿಗೆ ಕೈ ಹಚ್ಚಿ ನೂಕಿದರು. “ಒಳಗ ಹೋಗ್ರಿ. ಹುಡುಗಿ ಕಾಯಾಕತ್ತೈತಿ.” ನೀಲಾ ತನ್ನ ಅವ್ವನನ್ನೂ ನನ್ನನ್ನೂ ಬಾಯಿ ತೆರೆದುಕೊಂಡು ನೋಡಿದಳು.

ಬಟ್ಟೆಯ ಆನೆಯೊಳಗೆ ಕತ್ತಲು, ಸೆಕೆ, ಹೊಸ ಬಣ್ಣದ ವಾಸನೆ. ನಾನು ಬಗ್ಗಿದೆ. ಪುಟ್ಟ ಕೈಯೊಂದು ಹಿಂದೆ ಬಂದು ನನ್ನ ಕೈ ಹುಡುಕಿ ಸೊಂಟದ ಮೇಲಿಟ್ಟುಕೊಂಡಿತು. ಡೋಲು ಮೊಳಗಿತು. ನಾವು ಹೊರಟೆವು. ಲೆಫ್ಟ್, ರೈಟ್.

“ಹೊಟ್ಟಿ ನೋವು ಹ್ಯಾಂಗೈತಿ?” ಎಂದು ಪಿಸುಗುಟ್ಟಿದೆ.

“ದೇರ್ ವಾಸ್ ನೋ ಹೊಟ್ಟಿ ನೋವು.”

“ಆನೆ, ಸ್ವಲ್ಪ ಫಾಸ್ಟಾಗಿ ಬರ್ಬೇಕು!” ಎಂದು ಹೊರಗೆ ಸುಹಾಸಿನಿ ಚಪ್ಪಾಳೆ ತಟ್ಟಿದರು. “ಟೈಮಿಲ್ಲ!”

ನಾನು ಹೆಜ್ಜೆ ಜೋರು ಮಾಡಿದೆ. ಜಾನ್ವಿಯ ಬೆನ್ನಿಗೆ ನನ್ನ ತಲೆ ಢೀ ಹೊಡೆಯಿತು. ಅವಳು ನನ್ನ ಕೈಯನ್ನು ಗಟ್ಟಿಯಾಗಿ ಒತ್ತಿದಳು.

“ಅಪ್ಪಾ, ಗೋ ಸ್ಲೋ,” ಎಂದಳು. “ನಮ್ಮ ಪಾರ್ಟ್ ಎಂಡ್ಸ್ ಅಟ್ ದ ಸೋಫಾ.”

ನಾನು ನಿಧಾನ ಮಾಡಿದೆ.